ಟೊಮೆಟೊ ಸಾಸಿಗೆ ಯಾವುದು, ಮಾವಿನ ತಿರುಳಿಗೆ ಯಾವುದು: ಬೆಂಜೋಯೇಟ್, ಸಾರ್ಬೇಟ್, ಕೆಎಂಎಸ್ ನಡುವೆ ಆರಿಸುವ ಬಗೆ

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ ಕುಸಿದಾಗಲೆಲ್ಲ, ಹಣ್ಣನ್ನು ರಸ್ತೆಬದಿಗೆ ಸುರಿಯುವ ಬದಲು ಸಾಸ್ ಮಾಡಿ ಮಾರೋಣವೆಂದು ಹೊರಡುವ ಸ್ವಸಹಾಯ ಸಂಘಗಳೂ ರೈತ ಕುಟುಂಬಗಳೂ ನಮ್ಮ ಭಾಗದಲ್ಲಿ ಇವೆ. ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿಯಲ್ಲಿಯೂ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಯ ಕಾಲದಲ್ಲಿಯೂ ಇದೇ ಯೋಚನೆ ಹುಟ್ಟುತ್ತದೆ. ಅವರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ಒಂದೇ: ಕೆಡದಂತೆ ಇಡಲು ಯಾವ ಪುಡಿ ಹಾಕಬೇಕು, ಎಷ್ಟು ಹಾಕಬೇಕು? ಅಂಗಡಿಯಲ್ಲಿ ಮೂರು ಬಿಳಿಯ ಪುಡಿಗಳು ಸಿಗುತ್ತವೆ. ಸೋಡಿಯಂ ಬೆಂಜೋಯೇಟ್, ಪೊಟ್ಯಾಸಿಯಂ ಸಾರ್ಬೇಟ್, ಮತ್ತು ಎಲ್ಲರೂ ಕೆಎಂಎಸ್ ಎಂದು ಕರೆಯುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಕಣ್ಣಿಗೆ ಮೂರೂ ಹೆಚ್ಚುಕಡಿಮೆ ಒಂದೇ ತರಹ ಕಂಡರೂ ಅವುಗಳ ಕೆಲಸದ ರೀತಿ ಬೇರೆ ಬೇರೆ, ಮತ್ತು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಹಣ, ಹಣ್ಣು, ಶ್ರಮ ಮೂರೂ ವ್ಯರ್ಥವಾಗುತ್ತವೆ. ಪುಡಿಯನ್ನು ಆರಿಸುವ ಮೊದಲು ನಿಮ್ಮ ಪದಾರ್ಥದ ಹುಳಿಯನ್ನು ಅಳೆಯಬೇಕು ಎಂಬುದೇ ಈ ಬರಹದಲ್ಲಿ ನಾನು ಒತ್ತಿ ಹೇಳಲು ಬಯಸುವ ಮಾತು.

ಬೆಂಜೋಯಿಕ್ ಆಮ್ಲ ಎಂದರೇನು

ಬೆಂಜೋಯಿಕ್ ಆಮ್ಲವು ಅರೋಮ್ಯಾಟಿಕ್ ಕಾರ್ಬಾಕ್ಸಿಲಿಕ್ ಆಮ್ಲಗಳಲ್ಲಿ ಅತ್ಯಂತ ಸರಳವಾದದ್ದು. ಆರು ಇಂಗಾಲದ ಬೆಂಜೀನ್ ಉಂಗುರಕ್ಕೆ ಒಂದೇ ಒಂದು ಕಾರ್ಬಾಕ್ಸಿಲ್ ಗುಂಪು (ಆಮ್ಲದ ಗುಣ ಕೊಡುವ ಅಣುಭಾಗ) ಅಂಟಿಕೊಂಡರೆ ಅದು ಸಿದ್ಧ. ನಮ್ಮ ಮನೆಗಳಲ್ಲಿ ಮಗುವಿಗೆ ಎಣ್ಣೆಸ್ನಾನ ಮಾಡಿಸಿ ತಲೆಗೂದಲಿಗೆ ಸಾಂಬ್ರಾಣಿಯ ಹೊಗೆ ಹಿಡಿಯುತ್ತಿದ್ದ ಅಜ್ಜಿಯರು ಈ ಆಮ್ಲವನ್ನು ಹೆಸರು ತಿಳಿಯದೆಯೇ ಬಲ್ಲವರಾಗಿದ್ದರು, ಏಕೆಂದರೆ ನಿಜವಾದ ಸಾಂಬ್ರಾಣಿಯು ಸುಮಾತ್ರಾ ಮತ್ತು ಸಯಾಮ್ (ಇಂದಿನ ಥಾಯ್ಲೆಂಡ್) ಕಡೆಯ ಸ್ಟೈರಾಕ್ಸ್ ಜಾತಿಯ ಮರಗಳ ಅಂಟು, ಮತ್ತು ಆ ಅಂಟನ್ನು ಕಾಯಿಸಿದಾಗ ಆವಿಯಾಗಿ ಏರಿ ಮತ್ತೆ ಬಿಳಿಯ ಹರಳಾಗಿ ಕೂರುವ ವಸ್ತುವೇ ಬೆಂಜೋಯಿಕ್ ಆಮ್ಲ. ಯುರೋಪಿನವರು 16ನೇ ಶತಮಾನದಲ್ಲಿಯೇ ಅದನ್ನು ಹೀಗೆ ಪಡೆದಿದ್ದರು. 1832ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞರಾದ ಲೀಬಿಗ್ ಮತ್ತು ವೋಲರ್ ಅದರ ರಚನೆಯ ಲೆಕ್ಕವನ್ನು ಬಿಡಿಸಿದರು. 1875ರಲ್ಲಿ ಸಾಲ್ಕೋವ್ಸ್ಕಿ ಅದು ಶಿಲೀಂಧ್ರಗಳನ್ನು ತಡೆಯುತ್ತದೆ ಎಂದು ಕಂಡುಕೊಂಡರು. ಇಂದು ಅಂಗಡಿಗೆ ಬರುವುದು ಅಂಟಿನಿಂದ ಬಂದದ್ದಲ್ಲ. ಟೊಲ್ವೀನ್ ಎಂಬ ಪೆಟ್ರೋಲಿಯಂ ಮೂಲದ ದ್ರವವನ್ನು ಕೋಬಾಲ್ಟ್ ಅಥವಾ ಮ್ಯಾಂಗನೀಸ್ ವೇಗವರ್ಧಕದ ಸಹಾಯದಿಂದ ಆಮ್ಲಜನಕದೊಡನೆ ಉತ್ಕರ್ಷಿಸಿ ಕಾರ್ಖಾನೆಗಳಲ್ಲಿ ತಯಾರಿಸಿದ್ದು.

ಅದರ ಗುಣಗಳಲ್ಲಿ ನಮ್ಮ ಕೆಲಸಕ್ಕೆ ಬರುವಂಥವು ಮೂರು. ಸುಮಾರು 122 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಹರಳು ಅದಕ್ಕಿಂತ ಕಡಿಮೆ ಶಾಖದಲ್ಲಿಯೇ ಆವಿಯಾಗತೊಡಗುತ್ತದೆ ಮತ್ತು ನೀರಿನ ಹಬೆಯೊಡನೆ ಹಾರಿಹೋಗುತ್ತದೆ. ಆದ್ದರಿಂದ ಬಾಣಲೆ ಕುದಿಯುವ ಆರಂಭದಲ್ಲಿ ಹಾಕಿದರೆ ಒಂದು ಭಾಗ ಹಬೆಯ ಪಾಲಾಗುತ್ತದೆ. ಎರಡನೆಯದು, ತಣ್ಣೀರಿನಲ್ಲಿ ಅದು ಬಹಳ ಕಡಿಮೆ ಕರಗುತ್ತದೆ: 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 3.4 ಗ್ರಾಂ ಮಾತ್ರ. ಅದರ ಸೋಡಿಯಂ ಲವಣವಾದರೋ ಅದೇ ಒಂದು ಲೀಟರಿನಲ್ಲಿ 600 ಗ್ರಾಂಗೂ ಹೆಚ್ಚು ಕರಗುತ್ತದೆ, ಹಾಗಾಗಿಯೇ ಎಲ್ಲರೂ ಆಮ್ಲವನ್ನು ಬಿಟ್ಟು ಸೋಡಿಯಂ ಬೆಂಜೋಯೇಟನ್ನು ಕೊಳ್ಳುತ್ತಾರೆ, ನೀವೂ ಅದನ್ನೇ ಕೊಳ್ಳಿ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಅದರ ಪಿಕೆಎ 4.2; ಅಂದರೆ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.2 ಇದ್ದಾಗ ಅದರ ಅರ್ಧ ಭಾಗ ಒಡೆಯದೆ ಉಳಿದಿರುತ್ತದೆ. ಈ ಅಂಕಿಯ ಅರ್ಥವನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಹುಳಿಯೇ ಬೀಗದ ಕೈ

ಬೆಂಜೋಯಿಕ್ ಆಮ್ಲವು ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ಒಡೆಯದ ಇಡೀ ಅಣು, ಮತ್ತು ಹೈಡ್ರೋಜನ್ ಕಳೆದುಕೊಂಡ ಬೆಂಜೋಯೇಟ್ ಅಯಾನು. ಯೀಸ್ಟ್ ಅಥವಾ ಬೂಷ್ಟಿನ ಜೀವಕೋಶದ ಪೊರೆಯನ್ನು ದಾಟಿ ಒಳಗೆ ನುಸುಳಬಲ್ಲದ್ದು ಇಡೀ ಅಣು ಮಾತ್ರ. ವಿದ್ಯುದಂಶ ಹೊತ್ತ ಅಯಾನು ಹೊರಗೇ ಉಳಿಯುತ್ತದೆ. ಒಳಹೊಕ್ಕ ಅಣುವು ಅಲ್ಲಿನ ತಟಸ್ಥ ವಾತಾವರಣದಲ್ಲಿ ಒಡೆದು ಜೀವಕೋಶವನ್ನು ಒಳಗಿನಿಂದಲೇ ಹುಳಿಯಾಗಿಸುತ್ತದೆ, ಆ ಹುಳಿಯನ್ನು ಹೊರಗೆ ದಬ್ಬುವುದರಲ್ಲಿಯೇ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡುವ ಜೀವಕೋಶವು ಬೆಳೆಯುವುದನ್ನು ನಿಲ್ಲಿಸುತ್ತದೆ. ಪದಾರ್ಥದ ಪಿಎಚ್ 3 ಇದ್ದರೆ ನೀವು ಹಾಕಿದ್ದರಲ್ಲಿ ಶೇ. 94ರಷ್ಟು ಕೆಲಸ ಮಾಡುವ ರೂಪದಲ್ಲಿರುತ್ತದೆ. ಪಿಎಚ್ 4ಕ್ಕೆ ಅದು ಶೇ. 61ಕ್ಕೂ, 4.5ಕ್ಕೆ ಶೇ. 33ಕ್ಕೂ, 5ಕ್ಕೆ ಶೇ. 14ಕ್ಕೂ ಇಳಿಯುತ್ತದೆ. ಪಿಎಚ್ 6ರಲ್ಲಿ ಶೇ. 2ರಷ್ಟೂ ಇರುವುದಿಲ್ಲ, ಅಂದರೆ ಆ ಪದಾರ್ಥಕ್ಕೆ ಬೆಂಜೋಯೇಟ್ ಹಾಕುವುದೂ ಉಪ್ಪಿನ ಚಿಟಿಕೆ ಹಾಕುವುದೂ ಒಂದೇ.

ಇದನ್ನು ನಾನು ಪುಸ್ತಕದಿಂದ ಮೊದಲೇ ಕಲಿತಿದ್ದೆನಾದರೂ ಮನಸ್ಸಿಗೆ ಇಳಿದದ್ದು ಹಲಸಿನ ಸ್ಕ್ವಾಷ್ ಮಾಡಿದ ವರ್ಷ. ತುಮಕೂರಿನ ಬಂಧುಗಳ ತೋಟದಿಂದ ಬಂದ ಹಣ್ಣನ್ನು ತಿರುಳು ತೆಗೆದು, ಸಕ್ಕರೆ ಪಾಕ ಬೆರೆಸಿ, ಲೆಕ್ಕಕ್ಕೆ ತಕ್ಕಂತೆ ಬೆಂಜೋಯೇಟ್ ಹಾಕಿ ಇಪ್ಪತ್ತು ಬಾಟಲಿ ತುಂಬಿದ್ದೆವು. ಹಲಸು ತಾನೇ ಸಿಹಿಹಣ್ಣು, ಹುಳಿ ಬೆರೆಸಿದರೆ ರುಚಿ ಕೆಡುತ್ತದೆಂದು ನಿಂಬೆಯನ್ನು ಬಿಟ್ಟಿದ್ದೆವು. ಹತ್ತು ದಿನದಲ್ಲಿ ಬಾಟಲಿಗಳಲ್ಲಿ ಬುರುಗು ಬಂದು ಮುಚ್ಚಳಗಳು ಹಾರಿದವು. ತೂಕದಲ್ಲಿ ತಪ್ಪಿರಲಿಲ್ಲ, ಪುಡಿಯೂ ಕೆಟ್ಟದ್ದಾಗಿರಲಿಲ್ಲ; ಪಿಎಚ್ ಕಾಗದ ಅದ್ದಿ ನೋಡಿದಾಗ 5ಕ್ಕಿಂತ ಮೇಲಿತ್ತು.

ಉಳಿದ ಎರಡರ ಗುಣ

ಸಾರ್ಬಿಕ್ ಆಮ್ಲದಲ್ಲಿ ಉಂಗುರವಿಲ್ಲ. ಅದು ಆರು ಇಂಗಾಲದ ನೇರ ಸರಪಳಿ, ಆದ್ದರಿಂದ ಅರೋಮ್ಯಾಟಿಕ್ ಬಳಗಕ್ಕೆ ಸೇರಿದ್ದಲ್ಲ. ಆದರೂ ಕೆಲಸದ ಕ್ರಮ ಬೆಂಜೋಯಿಕ್ ಆಮ್ಲದ್ದೇ. ಅದರ ಪಿಕೆಎ 4.76 ಇರುವುದರಿಂದ ಪಿಎಚ್ 4.5ರಲ್ಲಿ ಶೇ. 64ರಷ್ಟು, 5ರಲ್ಲಿಯೂ ಶೇ. 36ರಷ್ಟು ಭಾಗ ಕೆಲಸ ಮಾಡುತ್ತದೆ. ಹುಳಿ ಕಡಿಮೆ ಇರುವ ಪದಾರ್ಥಗಳಲ್ಲಿ ಅದು ಬೆಂಜೋಯೇಟನ್ನು ಮೀರಿಸುವುದು ಇದರಿಂದಲೇ. ರುಚಿಯಲ್ಲಿಯೂ ಅದು ಸೌಮ್ಯ, ಬೆಂಜೋಯೇಟ್ ಹೆಚ್ಚಾದಾಗ ಗಂಟಲಿನಲ್ಲಿ ಕಾಣುವ ಮೆಣಸಿನಂಥ ಉರಿ ಇದರಲ್ಲಿಲ್ಲ. ಬೆಲೆ ಮಾತ್ರ ಬೆಂಜೋಯೇಟಿಗಿಂತ ಸಾಕಷ್ಟು ಹೆಚ್ಚು. ಇನ್ನೊಂದು ದೋಷವೂ ಉಂಟು: ಈಗಾಗಲೇ ಬೂಷ್ಟು ಹಿಡಿದ ಹಣ್ಣಿಗೆ ಸಾರ್ಬೇಟ್ ಹಾಕಿದರೆ ಕೆಲವು ಪೆನಿಸಿಲಿಯಂ ಬೂಷ್ಟುಗಳು ಅದನ್ನೇ ಒಡೆದು ಸೀಮೆಎಣ್ಣೆಯಂಥ ವಾಸನೆ ಹುಟ್ಟಿಸುತ್ತವೆ. ಹಣ್ಣು ಸ್ವಚ್ಛವಾಗಿದ್ದರೆ ಮಾತ್ರ ಸಾರ್ಬೇಟ್ ಹಾಕಿ.

ಕೆಎಂಎಸ್ ಬೇರೆಯದೇ ಜಾತಿ. ಹುಳಿಯಾದ ರಸದಲ್ಲಿ ಅದು ಗಂಧಕದ ಡೈಆಕ್ಸೈಡನ್ನು ಬಿಡುತ್ತದೆ, ಕೊಲ್ಲುವ ಕೆಲಸ ಆ ಅನಿಲದ್ದು. ಬೆಂಜೋಯೇಟ್ ಯೀಸ್ಟ್ ಮತ್ತು ಬೂಷ್ಟಿನ ಮೇಲೆ ಚೆನ್ನಾಗಿ ನಡೆದು ಬ್ಯಾಕ್ಟೀರಿಯಾಗಳ ಮೇಲೆ ಅಷ್ಟಾಗಿ ನಡೆಯದಿದ್ದರೆ, ಗಂಧಕದ ಡೈಆಕ್ಸೈಡ್ ಬ್ಯಾಕ್ಟೀರಿಯಾಗಳನ್ನೂ ಬೂಷ್ಟನ್ನೂ ಚೆನ್ನಾಗಿ ಹಿಡಿದು ಕೆಲವು ಯೀಸ್ಟ್‌ಗಳನ್ನು ಬಿಟ್ಟುಬಿಡುತ್ತದೆ. ಅದಕ್ಕಿರುವ ಎರಡು ದೊಡ್ಡ ಗುಣಗಳು ಬೆಂಜೋಯೇಟಿಗೆ ಇಲ್ಲ: ತಿರುಳು ಕಂದುಬಣ್ಣಕ್ಕೆ ತಿರುಗುವುದನ್ನು ತಡೆದು ವಿಟಮಿನ್ ಸಿಯನ್ನು ಕಾಪಾಡುತ್ತದೆ, ಮತ್ತು ಕುದಿಸಿದರೆ ಬಹುಪಾಲು ಹೊರಟುಹೋಗುತ್ತದೆ. ಬೆಂಜೋಯೇಟನ್ನು ಒಮ್ಮೆ ಹಾಕಿದ ಮೇಲೆ ಹೀಗೆ ಬಹುಪಾಲು ತೆಗೆಯುವ ದಾರಿಯಿಲ್ಲ. ಆದರೆ ಗಂಧಕದ ಡೈಆಕ್ಸೈಡ್ ದ್ರಾಕ್ಷಿ, ನೇರಳೆಗಳ ನೀಲಿ-ಕೆಂಪು ಬಣ್ಣವನ್ನು ಬಿಳಿಚಿಸುತ್ತದೆ, ತವರದ ಡಬ್ಬಿಯನ್ನು ತಿನ್ನುತ್ತದೆ, ಮತ್ತು ಅಸ್ತಮಾ ಇರುವ ಕೆಲವರಲ್ಲಿ ಉಸಿರುಕಟ್ಟಿಸುತ್ತದೆ.

ನಮ್ಮ ಹಣ್ಣುಗಳಿಗೆ ಒಂದೊಂದಾಗಿ

ಟೊಮೆಟೊ ಸಾಸಿಗೆ ನನ್ನ ಆಯ್ಕೆ ಸೋಡಿಯಂ ಬೆಂಜೋಯೇಟ್, ಆದರೆ ಒಂದು ಷರತ್ತಿನ ಮೇಲೆ. ಟೊಮೆಟೊ ಹುಳಿಹಣ್ಣು ಎಂದು ನಾವು ತಿಳಿದಿದ್ದೇವಾದರೂ ಅದರ ಪಿಎಚ್ ಸಾಮಾನ್ಯವಾಗಿ 4.2ರಿಂದ 4.6ರ ನಡುವೆ ತೂಗಾಡುತ್ತದೆ, ಹೆಚ್ಚು ಮಾಗಿದ ಹಣ್ಣಿನಲ್ಲಿ ಇನ್ನೂ ಮೇಲಕ್ಕೇರುತ್ತದೆ. ಮತ್ತು ಬೆಲೆ ಕುಸಿದ ದಿನಗಳಲ್ಲಿ ನಮ್ಮ ಕೈಗೆ ಬರುವುದು ಅತಿಯಾಗಿ ಮಾಗಿದ ಹಣ್ಣೇ. ಕಾನೂನಿನ ಮಿತಿಯಾಗಿ ಬಹುಕಾಲದಿಂದ ಬಂದಿರುವ 750 ಪಿಪಿಎಂ (ಹತ್ತು ಲಕ್ಷದಲ್ಲಿ 750 ಭಾಗ, ಅಂದರೆ ಕೆ.ಜಿ.ಗೆ 750 ಮಿ.ಗ್ರಾಂ) ಬೆಂಜೋಯಿಕ್ ಆಮ್ಲವನ್ನು ಪಿಎಚ್ 4.4ರ ಸಾಸಿಗೆ ಹಾಕಿದರೆ ಅದರಲ್ಲಿ ಕೆಲಸ ಮಾಡುವುದು ಸುಮಾರು 290 ಪಿಪಿಎಂ. ಅದೇ ಸಾಸಿಗೆ ವಿನೆಗರ್ ಸೇರಿಸಿ ಪಿಎಚ್ 3.8ಕ್ಕೆ ಇಳಿಸಿದರೆ ಪುಡಿಯ ತೂಕ ಒಂದು ಗ್ರಾಮೂ ಹೆಚ್ಚದೆ ಕೆಲಸದ ಭಾಗ ಸುಮಾರು 535 ಪಿಪಿಎಂ ಆಗುತ್ತದೆ. ಸಾಸಿನಲ್ಲಿ ಕರಗಿದ ಘನಾಂಶ ಕನಿಷ್ಠ ಶೇ. 25, ಹುಳಿ ಅಸೆಟಿಕ್ ಆಮ್ಲದ ಲೆಕ್ಕದಲ್ಲಿ ಕನಿಷ್ಠ ಶೇ. 1 ಇರಬೇಕೆಂಬ ನಿಯಮದ ಹಿಂದೆ ರುಚಿಯಷ್ಟೇ ಅಲ್ಲ, ಈ ಕಾರಣವೂ ಇದೆ. ಜೊತೆಗೆ ಒಂದು ಎಚ್ಚರಿಕೆ: ಪಿಎಚ್ 4.6ಕ್ಕಿಂತ ಮೇಲಿರುವ, ಗಾಳಿಯಾಡದಂತೆ ಮುಚ್ಚಿದ ಪದಾರ್ಥದಲ್ಲಿ ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದನ್ನು ಬೆಂಜೋಯೇಟ್ ತಡೆಯುತ್ತದೆಂದು ಯಾರೂ ನೆಚ್ಚಿಕೊಳ್ಳಬಾರದು. ಹುಳಿಯನ್ನು ಸರಿಮಾಡುವುದು, ಚೆನ್ನಾಗಿ ಬೇಯಿಸಿ ಬಿಸಿಯಿರುವಾಗಲೇ ತೊಳೆದು ಕುದಿಸಿದ ಬಾಟಲಿಗೆ ತುಂಬುವುದು, ಇವೆರಡು ಮೊದಲು, ಪುಡಿ ಆಮೇಲೆ.

ಇಲ್ಲಿ ನಮ್ಮ ಕೊಳವೆಬಾವಿಯ ನೀರಿನ ವಿಚಾರವನ್ನೂ ಹೇಳಲೇಬೇಕು. ಕೋಲಾರ, ಚಿಕ್ಕಬಳ್ಳಾಪುರಗಳ ಆಳದ ನೀರು ಬಹಳ ಕಡೆ ಗಡಸು, ಅದರಲ್ಲಿರುವ ಬೈಕಾರ್ಬೊನೇಟ್ ಹುಳಿಯನ್ನು ತಿಂದುಹಾಕುತ್ತದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ತರಬೇತಿಯಲ್ಲಿ ಬರೆದುಕೊಂಡ ಅಳತೆಯನ್ನು ಇಲ್ಲಿನ ನೀರಿನಲ್ಲಿ ಹಾಗೆಯೇ ಬಳಸಿದರೆ ಪಿಎಚ್ ಅಂದುಕೊಂಡದ್ದಕ್ಕಿಂತ ಮೇಲೆ ನಿಲ್ಲಬಹುದು. ಪಾನಕ, ಸ್ಕ್ವಾಷ್‌ಗಳಿಗೆ ಶುದ್ಧೀಕರಿಸಿದ ನೀರನ್ನೇ ಬಳಸಿ, ಪ್ರತಿ ಬ್ಯಾಚಿನ ಪಿಎಚ್ ನೋಡಿ.

ಮಾವಿನ ತಿರುಳಿಗೆ, ಅದರಲ್ಲಿಯೂ ಸುಗ್ಗಿಯಲ್ಲಿ ತೋತಾಪುರಿಯನ್ನು ತಿರುಳು ಮಾಡಿಟ್ಟು ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಜಾಮ್, ಮಾವಿನ ಹಪ್ಪಳ, ಸ್ಕ್ವಾಷ್ ಮಾಡುವವರಿಗೆ, ಕೆಎಂಎಸ್ ಮೇಲು. ಮಾವಿನ ಹಳದಿ ಬಣ್ಣ ಕ್ಯಾರೊಟಿನಾಯ್ಡ್‌ಗಳದ್ದು, ಗಂಧಕದ ಡೈಆಕ್ಸೈಡ್ ಅದನ್ನು ಬಿಳಿಚಿಸುವುದಿಲ್ಲ, ತಿರುಳು ಕಪ್ಪಾಗುವುದಿಲ್ಲ, ಮುಂದೆ ಜಾಮ್ ಕುದಿಸುವಾಗ ಹೆಚ್ಚಿನದು ಹೋಗಿಬಿಡುತ್ತದೆ. ತಿರುಳಿನ ಪಿಎಚ್ 4ರ ಮೇಲಿದ್ದರೆ ಸಿಟ್ರಿಕ್ ಆಮ್ಲ ಬೆರೆಸಿ ಇಳಿಸಿಕೊಳ್ಳಬೇಕು, ಏಕೆಂದರೆ ಕೆಎಂಎಸ್‌ಗೂ ಹುಳಿಯೇ ಬಲ. ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಡಿ, ಲೋಹದ ಪಾತ್ರೆಯಲ್ಲಿ ಬೇಡ.

ದ್ರಾಕ್ಷಿಯ ವಿಚಾರ ಇದಕ್ಕೆ ನೇರ ವಿರುದ್ಧ. ಚಿಕ್ಕಬಳ್ಳಾಪುರದ ಸುತ್ತ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯ ಅಂದವೆಲ್ಲ ಅದರ ಸಿಪ್ಪೆಯ ಆಂಥೋಸಯನಿನ್ ಬಣ್ಣದಲ್ಲಿದೆ. ಅದಕ್ಕೆ ಕೆಎಂಎಸ್ ಹಾಕಿದವರು ಮಾಸಿದ, ನಿಸ್ತೇಜ ಗುಲಾಬಿ ರಸವನ್ನು ಕಂಡು ಹಣ್ಣನ್ನು ಬೈಯುತ್ತಾರೆ. ದ್ರಾಕ್ಷಿರಸ ಸಹಜವಾಗಿಯೇ ಹುಳಿ, ಪಿಎಚ್ 3.5ರ ಆಸುಪಾಸು, ಅಲ್ಲಿ ಬೆಂಜೋಯೇಟಿನ ಶೇ. 83 ಭಾಗ ಕೆಲಸ ಮಾಡುತ್ತದೆ. ಬೆಂಜೋಯೇಟಿಗೆ ಇದಕ್ಕಿಂತ ಒಪ್ಪುವ ಹಣ್ಣು ನಮ್ಮ ಮೂರು ಜಿಲ್ಲೆಗಳಲ್ಲಿಯೇ ಇಲ್ಲವೆಂದು ನನ್ನ ಅಭಿಪ್ರಾಯ.

ನಿಂಬೆ, ನೆಲ್ಲಿಕಾಯಿ, ಸೀಬೆಗಳಿಗೆ ಬೆಂಜೋಯೇಟ್ ಬೇಡ. ಅವುಗಳಲ್ಲಿ ವಿಟಮಿನ್ ಸಿ ಹೇರಳವಾಗಿದೆ, ಮತ್ತು ವಿಟಮಿನ್ ಸಿ ಜೊತೆಗೆ ಬೆಂಜೋಯಿಕ್ ಆಮ್ಲವಿದ್ದು, ಕಬ್ಬಿಣ ಅಥವಾ ತಾಮ್ರದ ಲವಲೇಶವಿದ್ದು, ಬಾಟಲಿಗೆ ಬಿಸಿಲೂ ಶಾಖವೂ ತಗುಲಿದರೆ ಅತ್ಯಲ್ಪ ಪ್ರಮಾಣದಲ್ಲಿ ಬೆಂಜೀನ್ ಹುಟ್ಟಬಹುದು, ಬೆಂಜೀನ್ ಕ್ಯಾನ್ಸರ್‌ಕಾರಕ. ಹುಟ್ಟುವ ಪ್ರಮಾಣ ನೂರು ಕೋಟಿಯಲ್ಲಿ ಕೆಲವೇ ಭಾಗಗಳಷ್ಟಾದರೂ, ಕೆಎಂಎಸ್ ಎಂಬ ಬೇರೆ ದಾರಿ ಇರುವಾಗ ಆ ಅಪಾಯವನ್ನು ತೆಗೆದುಕೊಳ್ಳುವ ಅಗತ್ಯವೇ ಇಲ್ಲ. ಬೆಂಜೋಯೇಟ್ ಹಾಕಿದ ಯಾವುದೇ ಪಾನೀಯಕ್ಕೂ ಪೌಷ್ಟಿಕತೆ ಹೆಚ್ಚಿಸುವ ಆಸೆಯಿಂದ ಆಸ್ಕಾರ್ಬಿಕ್ ಆಮ್ಲ ಸೇರಿಸಬೇಡಿ, ಬಾಟಲಿಗಳನ್ನು ಅಂಗಡಿಯ ಮುಂದಿನ ಬಿಸಿಲಿನಲ್ಲಿ ಜೋಡಿಸಬೇಡಿ.

ಹುಣಸೆಗೆ, ಶಿರಾ, ಪಾವಗಡ, ಮಧುಗಿರಿಯ ಕಡೆಯವರು ಮಾಡುವ ಗಟ್ಟಿ ಹುಣಸೆ ರಸಕ್ಕೆ, ಹೆಚ್ಚೇನೂ ಬೇಕಿಲ್ಲ. ಪಿಎಚ್ 3ರ ಕೆಳಗೇ ಇರುವ ಪದಾರ್ಥವದು. ಬೇಕೇ ಬೇಕೆಂದರೆ ಸ್ವಲ್ಪ ಬೆಂಜೋಯೇಟ್ ಸಾಕು. ಎಣ್ಣೆ, ಉಪ್ಪು, ಹುಳಿ ಮೂರೂ ಸರಿಯಾಗಿ ಬಿದ್ದು ನೀರಿಂಗುವಂತೆ ಕುದಿಸಿದ ಪುಳಿಯೋಗರೆ ಗೊಜ್ಜಿಗೆ ಯಾವ ಪುಡಿಯನ್ನೂ ಹಾಕಬೇಡಿ. ಸಕ್ಕರೆ ಶೇ. 65ರ ಮೇಲಿರುವ ಜಾಮಿಗೂ ಅದೇ ಮಾತು.

ಇನ್ನು ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸಿನ ತಾಮ್ರಗೆಂಪು ತೊಳೆಗಳಿಗೆ ಬೇಡಿಕೆ ಬಂದ ಮೇಲೆ ತುಮಕೂರಿನ ಕಡೆ ಅದರ ತಿರುಳನ್ನು ಕಾದಿಡುವ ಆಸಕ್ತಿ ಹೆಚ್ಚಾಗಿದೆ. ಹಲಸಿನ ಪಿಎಚ್ 5ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಶೈತ್ಯಾಗಾರದ ಅನುಕೂಲವಿದ್ದರೆ ಹೆಪ್ಪುಗಟ್ಟಿಸಿ ಇಡುವುದೇ ಅತ್ಯುತ್ತಮ, ಒಣಗಿಸುವುದು ಎರಡನೆಯದು, ಪಾನೀಯವನ್ನೇ ಮಾಡಬೇಕೆಂದರೆ ಸಿಟ್ರಿಕ್ ಆಮ್ಲದಿಂದ ಪಿಎಚ್ 4ಕ್ಕೆ ಇಳಿಸಿದ ಮೇಲೆ ಸಾರ್ಬೇಟ್. ಎಳನೀರು, ನೀರಾಗಳಂಥ ಹುಳಿಯಿಲ್ಲದ ಪಾನೀಯಗಳನ್ನು ಈ ಮೂರರಲ್ಲಿ ಯಾವುದರಿಂದಲೂ ಉಳಿಸಲಾಗದು. ಅವಕ್ಕೆ ತಂಪೇ ಗತಿ.

ದೇಹಕ್ಕೆ, ಕಾನೂನಿಗೆ

ನಾವು ತಿಂದ ಬೆಂಜೋಯಿಕ್ ಆಮ್ಲವು ಯಕೃತ್ತಿನಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲದೊಡನೆ ಕೂಡಿ ಹಿಪ್ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಹೋಗುತ್ತದೆ, ದೇಹದಲ್ಲಿ ಶೇಖರವಾಗುವುದಿಲ್ಲ. ಚಕ್ಕೆ ಮತ್ತು ಕ್ರ್ಯಾನ್‌ಬೆರಿಯಂಥವುಗಳಲ್ಲಿ ಅದು ಸಹಜವಾಗಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು ದಿನವೊಂದಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 5 ಮಿ.ಗ್ರಾಂ ಎಂದು ಬಹುಕಾಲ ಇಟ್ಟಿದ್ದ ಮಿತಿಯನ್ನು 2021ರಲ್ಲಿ 20 ಮಿ.ಗ್ರಾಂಗೆ ಏರಿಸಿತು. ಹಳೆಯ, ಬಿಗಿಯಾದ ಲೆಕ್ಕವನ್ನೇ ಹಿಡಿದರೂ 15 ಕೆ.ಜಿ. ತೂಕದ ಮಗುವಿಗೆ ದಿನಕ್ಕೆ 75 ಮಿ.ಗ್ರಾಂ ಆಗುತ್ತದೆ, 20 ಗ್ರಾಂ ಸಾಸಿನಲ್ಲಿ ಗರಿಷ್ಠ 15 ಮಿ.ಗ್ರಾಂ ಇರುತ್ತದೆ. ಗಂಧಕದ ಡೈಆಕ್ಸೈಡಿನ ಮಿತಿಯಾದರೋ ಬಹಳ ಕಿರಿದು, ಪ್ರತಿ ಕೆ.ಜಿ.ಗೆ 0.7 ಮಿ.ಗ್ರಾಂ. ಅದೇ ಮಗುವಿಗೆ ಅದು ಹತ್ತೂವರೆ ಮಿ.ಗ್ರಾಂ. 350 ಪಿಪಿಎಂ ಇರುವ ಸ್ಕ್ವಾಷಿನ 50 ಗ್ರಾಂ ಬೆರೆಸಿದ ಒಂದೇ ಲೋಟದಲ್ಲಿ 17 ಮಿ.ಗ್ರಾಂಗೂ ಹೆಚ್ಚಿರಬಹುದು. ಬೆಂಜೋಯೇಟ್ ಕೆಟ್ಟದ್ದು, ಕೆಎಂಎಸ್ ಸಾತ್ವಿಕ ಎಂದು ನಮ್ಮಲ್ಲಿ ಹಬ್ಬಿರುವ ನಂಬಿಕೆಗೆ ಆಧಾರವಿಲ್ಲವೆಂದು ಈ ಲೆಕ್ಕವೇ ಹೇಳುತ್ತದೆ; ಮಕ್ಕಳು ದಿನವೂ ಕುಡಿಯುವ ಪಾನೀಯಕ್ಕೆ ಕೆಎಂಎಸ್ ಅನ್ನು ಮಿತಿಯ ಅಂಚಿಗೆ ಒಯ್ಯದಿರುವುದು ಒಳ್ಳೆಯದು. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದ ಅಧ್ಯಯನವೊಂದು ಕೃತಕ ಬಣ್ಣಗಳೂ ಬೆಂಜೋಯೇಟೂ ಸೇರಿದ ಪಾನೀಯಕ್ಕೂ ಮಕ್ಕಳ ಅತಿಚಟುವಟಿಕೆಗೂ ನಂಟನ್ನು ಕಂಡಿತ್ತು. ಕೋಲಾರದ ಟೊಮೆಟೊಗೆ ತನ್ನದೇ ಕೆಂಪಿರುವಾಗ ಬಣ್ಣ ಏಕೆ ಬೇಕು?

ಸ್ಕ್ವಾಷಿಗೆ ಬೆಂಜೋಯಿಕ್ ಆಮ್ಲವಾದರೆ 600 ಪಿಪಿಎಂ ಅಥವಾ ಗಂಧಕದ ಡೈಆಕ್ಸೈಡ್ ಆದರೆ 350, ಉಪ್ಪಿನಕಾಯಿಗೆ 250 ಅಥವಾ 100, ನೇರವಾಗಿ ಕುಡಿಯುವ ಹಣ್ಣಿನ ಪಾನೀಯಕ್ಕೆ 120 ಅಥವಾ 70 ಎಂಬ ಮಿತಿಗಳು 1955ರ ಹಣ್ಣಿನ ಉತ್ಪನ್ನಗಳ ಆದೇಶದ ಪರಂಪರೆಯಿಂದ ಬಂದವು. ಆಹಾರ ಸುರಕ್ಷತಾ ಪ್ರಾಧಿಕಾರವು ಪಟ್ಟಿಯನ್ನು ಆಗಾಗ ಪರಿಷ್ಕರಿಸುವುದರಿಂದ ಪರವಾನಗಿ ಪಡೆಯುವಾಗ ಚಾಲ್ತಿಯಲ್ಲಿರುವ ಅಂಕಿಯನ್ನು ನೋಡಿಕೊಳ್ಳಬೇಕು. ಬೆಂಜೋಯಿಕ್ ಆಮ್ಲ, ಗಂಧಕದ ಡೈಆಕ್ಸೈಡ್ ಎರಡನ್ನೂ ಒಟ್ಟಿಗೆ ಪೂರ್ಣ ಪ್ರಮಾಣದಲ್ಲಿ ಹಾಕುವಂತಿಲ್ಲ. ಲೇಬಲ್ಲಿನ ಮೇಲೆ ಸಂರಕ್ಷಕದ ಸಂಖ್ಯೆ ಇರಬೇಕು: ಬೆಂಜೋಯೇಟಿಗೆ 211, ಸಾರ್ಬೇಟಿಗೆ 202, ಕೆಎಂಎಸ್‌ಗೆ 224.

ಕೊಳ್ಳುವಾಗ, ತೂಗುವಾಗ, ಬೆರೆಸುವಾಗ

ಸೋಡಿಯಂ ಬೆಂಜೋಯೇಟ್ ರೇಡಿಯೇಟರಿನ ನೀರಿಗೆ ತುಕ್ಕುನಿರೋಧಕವಾಗಿಯೂ, ಬೆಂಜೋಯಿಕ್ ಆಮ್ಲ ಹುಳುಕಡ್ಡಿಗೆ ಹಚ್ಚುವ ವಿಟ್‌ಫೀಲ್ಡ್ ಮುಲಾಮಿಗೂ ಹೋಗುತ್ತವೆ. ಆದ್ದರಿಂದ ಆಹಾರ ದರ್ಜೆ ಎಂದು ಸ್ಪಷ್ಟವಾಗಿ ಮುದ್ರಿಸಿದ ಮೊಹರಾದ ಪೊಟ್ಟಣವನ್ನೇ ಕೊಳ್ಳಿ, ಸಡಿಲವಾಗಿ ತೂಗಿ ಕೊಡುವುದನ್ನು ಬೇಡವೆನ್ನಿ. ಬೆಂಜೋಯಿಕ್ ಆಮ್ಲದ ಸೋದರನಂತಿರುವ ಸ್ಯಾಲಿಸಿಲಿಕ್ ಆಮ್ಲವು ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿಸಿದ ಸಂರಕ್ಷಕಗಳ ಪಟ್ಟಿಯಲ್ಲಿಲ್ಲ, ಯಾರು ಹೇಳಿದರೂ ಹಾಕಬೇಡಿ.

ಮಿತಿಗಳೆಲ್ಲ ಆಮ್ಲದ ಲೆಕ್ಕದಲ್ಲಿವೆ, ನೀವು ತೂಗುವುದು ಲವಣವನ್ನು. ಒಂದು ಗ್ರಾಂ ಬೆಂಜೋಯಿಕ್ ಆಮ್ಲಕ್ಕೆ 1.18 ಗ್ರಾಂ ಸೋಡಿಯಂ ಬೆಂಜೋಯೇಟ್ ಬೇಕು, ಒಂದು ಗ್ರಾಂ ಸಾರ್ಬಿಕ್ ಆಮ್ಲಕ್ಕೆ 1.34 ಗ್ರಾಂ ಪೊಟ್ಯಾಸಿಯಂ ಸಾರ್ಬೇಟ್. ಹೀಗಾಗಿ 100 ಕೆ.ಜಿ. ಸಾಸಿಗೆ 750 ಪಿಪಿಎಂ ಎಂದರೆ 75 ಗ್ರಾಂ ಆಮ್ಲ, ಅಂದರೆ ಸುಮಾರು 88 ಗ್ರಾಂ ಬೆಂಜೋಯೇಟ್. ಹೊಸ ಕೆಎಂಎಸ್‌ನಲ್ಲಿ ಶೇ. 57ರಷ್ಟು ಗಂಧಕದ ಡೈಆಕ್ಸೈಡ್ ಇರುತ್ತದೆ, 100 ಕೆ.ಜಿ. ಸ್ಕ್ವಾಷಿಗೆ 350 ಪಿಪಿಎಂ ಬರಲು 61 ಗ್ರಾಂ ಸಾಕು. ಆದರೆ ಪೊಟ್ಟಣ ಒಡೆದು ತಿಂಗಳುಗಟ್ಟಲೆ ಇಟ್ಟ ಕೆಎಂಎಸ್ ಬಲ ಕಳೆದುಕೊಳ್ಳುತ್ತದೆ, ಸಾರ್ಬೇಟ್ ಗಾಳಿ-ಬೆಳಕಿಗೆ ಹಳದಿಯಾಗುತ್ತದೆ, ಬೆಂಜೋಯೇಟ್ ಮಾತ್ರ ವರ್ಷವಾದರೂ ಹಾಗೆಯೇ ಇರುತ್ತದೆ. ಚಮಚದ ಅಳತೆ ಬೇಡ, ಒಂದು ಗ್ರಾಂ ತೋರಿಸುವ ತಕ್ಕಡಿ ಬೇಕು.

ಬೆಂಜೋಯೇಟನ್ನು ಸ್ವಲ್ಪ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಒಲೆಯಿಂದ ಇಳಿಸುವ ಹೊತ್ತಿಗೆ, ತೊಳಸುತ್ತಲೇ ಸಣ್ಣಧಾರೆಯಾಗಿ ಸುರಿಯಬೇಕು. ಗಟ್ಟಿ ದ್ರಾವಣವನ್ನು ಬಹಳ ಹುಳಿಯಾದ ತಣ್ಣನೆಯ ರಸಕ್ಕೆ ಒಮ್ಮೆಲೇ ಸುರಿದರೆ ಬೆಂಜೋಯಿಕ್ ಆಮ್ಲವು ಬಿಳಿಯ ಎಸಳುಗಳಾಗಿ ಬೇರ್ಪಟ್ಟು ತಳ ಸೇರುತ್ತದೆ. ಕೆಎಂಎಸ್ ಅನ್ನು ಪದಾರ್ಥ ಪೂರ್ತಿ ಆರಿದ ಮೇಲೆ ಮಾತ್ರ ಹಾಕಬೇಕು. ಮಾರಾಟಕ್ಕೆ ಕಳುಹಿಸುವ ಮುನ್ನ ಪ್ರತಿ ಬ್ಯಾಚಿನಿಂದ ಮೂರು ಬಾಟಲಿಗಳನ್ನು ತಾರೀಖು, ಪಿಎಚ್, ಹಾಕಿದ ಗ್ರಾಂ ಬರೆದು ಕೋಣೆಯ ಬಿಸಿಯಲ್ಲಿಯೇ ಎತ್ತಿಡಿ, ತಂಪು ಪೆಟ್ಟಿಗೆಯಲ್ಲಿ ಬೇಡ. ವಾರಕ್ಕೊಮ್ಮೆ ಅವುಗಳ ಕತ್ತಿನಲ್ಲಿ ಬುರುಗಿನ ಉಂಗುರವಿದೆಯೇ, ಮುಚ್ಚಳ ಉಬ್ಬಿದೆಯೇ ಎಂದು ನೋಡಿ. ಬೆಂಜೋಯೇಟಿಗೂ ಸಾರ್ಬೇಟಿಗೂ ಬಗ್ಗದ ಕೆಲವು ಯೀಸ್ಟ್‌ಗಳಿವೆ, ಅವು ತೊಳೆಯದ ಕ್ರೇಟುಗಳಿಂದಲೂ ಸೋಸುವ ಬಟ್ಟೆಯಿಂದಲೂ ಬರುತ್ತವೆ. ಬುರುಗು ಕಂಡರೆ ಮುಂದಿನ ಬ್ಯಾಚಿಗೆ ಪುಡಿ ಹೆಚ್ಚಿಸುವ ಮೊದಲು ಆ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ.